ಯಾವ ಪಾಠವೂ ಅಲ್ಲದ ಪುಟ

ನಮ್ಮ ಮನೆಯಲ್ಲಿ ಕೈಗಳಿಗೆ ಯಾವಾಗಲೂ ಕೆಲಸ ಇರುತ್ತಿತ್ತು, ಕಿವಿಗಳು ಮಾತ್ರ ಖಾಲಿ. ಕಡಬ ಪೇಟೆಯಿಂದ ಪಂಜದ ಕಡೆ ಹೋಗುವ ರಸ್ತೆಗೆ ಮುಖ ಮಾಡಿದ ಹಂಚಿನ ಮನೆ ಅದು. ಎದುರಿಗೆ ಉದ್ದದ ಚಾವಡಿ, ಹಿಂದೆ ಎರಡು ಕೋಣೆ, ಕೊನೆಗೆ ಮಸಿ ಹಿಡಿದ ಅಡುಗೆಮನೆ. ಕೋಣೆಗಳಲ್ಲಿ ನಾವು ನಿದ್ದೆ ಮಾಡುತ್ತಿದ್ದೆವು ಅಷ್ಟೆ, ಉಳಿದ ಬದುಕೆಲ್ಲ ಚಾವಡಿಯಲ್ಲಿ. ಬೆಳಗಿನ ಚಾ ಆದ ಕೂಡಲೇ ಉಮ್ಮ, ಅಂದರೆ ನನ್ನ ತಾಯಿ, ಮತ್ತು ಅವಳ ತಂಗಿ ಬೀಪಾತು ಚಿಕ್ಕಮ್ಮ ಗೋಡೆಗೆ ಬೆನ್ನು ಕೊಟ್ಟು, ಕಾಲು ಚಾಚಿ, ತೊಡೆಯ ಮೇಲೆ ತಡ್ಪೆ ಇಟ್ಟುಕೊಂಡು ಬೀಡಿ ಕಟ್ಟಲು ಕೂರುವರು. ತಡ್ಪೆ ಎಂದರೆ ಮೊರ. ಅದರ ಒಂದು ಬದಿಗೆ ಅಚ್ಚು ಇಟ್ಟು ಕತ್ತರಿಸಿದ ಎಲೆ, ಇನ್ನೊಂದು ಬದಿಗೆ ಹೊಗೆಸೊಪ್ಪಿನ ಹುಡಿ, ಮೂಲೆಯಲ್ಲಿ ನೂಲಿನ ಉಂಡೆ. ಕಟ್ಟಿದ ಬೀಡಿಯನ್ನು ತೆಗೆದುಕೊಳ್ಳುವುದು ಬ್ರಾಂಚು, ಅಂದರೆ ಬೀಡಿ ಕಂಪೆನಿಯ ಅಂಗಡಿ. ಆಚೀಚೆ ಮನೆಯ ಹೆಂಗಸರೂ ತಮ್ಮ ತಮ್ಮ ತಡ್ಪೆ ಎತ್ತಿಕೊಂಡು ನಮ್ಮಲ್ಲಿಗೇ ಬರುವರು. ಪಳಗಿದ ಕೈ ತನ್ನಷ್ಟಕ್ಕೆ ಸುತ್ತುತ್ತದೆ, ಮಡಚುತ್ತದೆ, ಕಟ್ಟುತ್ತದೆ. ಕಿವಿಗೆ ಏನಾದರೂ ಹಾಕುತ್ತಿರಬೇಕು, ಇಲ್ಲದಿದ್ದರೆ ಹೊತ್ತು ಹೋಗುವುದಿಲ್ಲ, ಜಗಳ ಶುರುವಾಗುತ್ತದೆ. ಹಾಗಾಗಿ ನಮ್ಮ ಚಾವಡಿಯಲ್ಲಿ ಗಟ್ಟಿಯಾಗಿ ಓದಿ ಹೇಳುವುದೆಂದರೆ ನೀರು ಸೇದುವ, ಪಾತ್ರೆ ತಿಕ್ಕುವ ಹಾಗೆ ಒಂದು ಮನೆಗೆಲಸ.

ಆ ಕೆಲಸವನ್ನು ಮಾಡುತ್ತಿದ್ದವರು ಮಾಮ, ಉಮ್ಮನ ಅಣ್ಣ. ನನ್ನ ತಂದೆ ಸೌದಿಯ ದಮಾಮಿನ ಒಂದು ಕಿರಾಣಿ ಅಂಗಡಿಯಲ್ಲಿದ್ದರು. ನಮ್ಮ ಪಾಲಿಗೆ ಅವರು ಅತ್ತರು, ಟ್ಯಾಂಗ್ ಪುಡಿ ಹೊತ್ತು ಅಪರೂಪಕ್ಕೆ ಬರುವ ನೆಂಟ. ಮನೆಯ ಯಜಮಾನಿಕೆಯೆಲ್ಲ ಮಾಮನದು, ಚಾವಡಿಯ ಒಂದೇ ಒಂದು ಕುರ್ಚಿಯೂ ಮಾಮನದು. ಊರೂರು ಸುತ್ತಿ ಕಾಳುಮೆಣಸು, ಗೇರುಬೀಜ ಕೊಳ್ಳುವುದು ಅವರ ವ್ಯಾಪಾರ. ನಸುಕಿನ ಸುಬ್ಹಿ ನಮಾಜು ಮುಗಿಸಿ ಪೇಟೆಗೆ ಹೋಗಿ, ಹೋಟೆಲಿನಲ್ಲಿ ಒಂದು ಚಾ ಕುಡಿದು, ಬಸ್ಸಿನಲ್ಲಿ ಬಂದ ಪೇಪರ್ ಕಟ್ಟಿನಿಂದ ಒಂದನ್ನು ಕಂಕುಳಲ್ಲಿ ಇರುಕಿಕೊಂಡು ಬರುವರು. ಕುರ್ಚಿಯಲ್ಲಿ ಕೂತು, ಪೇಪರನ್ನು ಎರಡೂ ಕೈಯಲ್ಲಿ ಅಗಲಿಸಿ ಹಿಡಿದು, ಒಮ್ಮೆ ಗಂಟಲು ಸರಿಮಾಡಿದರೆಂದರೆ ಅಡುಗೆಮನೆಯ ಪಾತ್ರೆಗಳೂ ಸದ್ದು ನಿಲ್ಲಿಸಬೇಕು. ಮಾಮ ಓದುವ ಸುದ್ದಿ ಬಹಳ ಚೆನ್ನಾಗಿರುತ್ತಿತ್ತು. ಬಸ್ಸು ಚರಂಡಿಗೆ ಇಳಿದರೆ ಒಳಗಿದ್ದ ಬಸುರಿ ಹೆಂಗಸು ಏನೆಂದಳು ಎನ್ನುವುದೂ ಅದರಲ್ಲಿ ಬರುತ್ತಿತ್ತು. ಎಲ್ಲರೂ ಆಹಾ ಎನ್ನುವರು. ಒಂದು ಸಲ ಮಾತ್ರ ಎಡವಟ್ಟಾಯಿತು. ಮಂಗಳೂರಿನ ರೈಲು ಇನ್ನು ಮಧ್ಯಾಹ್ನವೂ ನೆಟ್ಟಣದಲ್ಲಿ ನಿಲ್ಲುತ್ತದೆ ಎಂದು ಮಾಮ ಓದಿದರು. ಬೀಪಾತು ಚಿಕ್ಕಮ್ಮನ ಮಗಳು ಝೊಹರಳನ್ನು ಮಂಗಳೂರಿನ ಬಂದರು ಕೇರಿಗೆ ಮದುವೆ ಮಾಡಿ ಕೊಟ್ಟಿತ್ತು. ಮಗಳನ್ನು ನೋಡುವ ಆಸೆಯಿಂದ ಚಿಕ್ಕಮ್ಮ ಟಿಫಿನ್ ಕ್ಯಾರಿಯರಿನಲ್ಲಿ ಬಂಗುಡೆ ಮೀನಿನ ಸಾರು ತುಂಬಿಸಿಕೊಂಡು ನೆಟ್ಟಣಕ್ಕೆ ಹೋಗಿ ಸಂಜೆಯವರೆಗೂ ಕೂತಳು. ರೈಲು ನಿಲ್ಲುವುದಿರಲಿ, ಬರಲೇ ಇಲ್ಲ. ತಿರುಗಿ ಬಂದವಳು ಕ್ಯಾರಿಯರನ್ನು ಮಾಮನ ಕಾಲ ಬುಡದಲ್ಲೇ ಕುಕ್ಕಿದಳು.

"ನನಗೆಂತ ಬೈಯುದು? ಪೇಪರಿನವರು ಎಂತೆಂತದೋ ಬರೀತಾರೆ. ಈಗಿನ ಪೇಪರನ್ನು ನಂಬ್ಲಿಕ್ಕೇ ಆಗುದಿಲ್ಲ."

ಹಾಗೆಂದು ಮಾಮ ಕೈ ಕೊಡವಿದರು. ನಾವೆಲ್ಲ ಪೇಪರಿನವರನ್ನು ಬೈದೆವು. ಬಂಗುಡೆ ಸಾರನ್ನು ನಾವೇ ತಿಂದೆವು.

ನಾವು ಬ್ಯಾರಿಗಳು, ಮನೆಯೊಳಗಿನ ನಮ್ಮ ಮಾತೂ ಬ್ಯಾರಿ. ಅಂಗಳ ದಾಟಿದರೆ ತುಳು. ಕನ್ನಡವೆಂಬುದು ಪೇಪರಿನಲ್ಲಿ, ಶಾಲೆಯ ಪುಸ್ತಕದಲ್ಲಿ, ಬಸ್ಸಿನ ಬೋರ್ಡಿನಲ್ಲಿ ಇರುವ ಭಾಷೆ. ಇಲ್ಲಿ ಅವರ ಮಾತನ್ನೆಲ್ಲ ಕನ್ನಡ ಮಾಡಿ ಬರೆಯುತ್ತಿದ್ದೇನೆ, ಹಾಗೆ ಮಾಡುವಾಗ ಅರ್ಧ ಖಾರ ಹೋಗಿಬಿಡುತ್ತದೆ. ಬೆಳಿಗ್ಗೆ ಎದ್ದು ನಾನು ಮೊದಲು ಹೋಗುತ್ತಿದ್ದದ್ದು ಮದ್ರಸಕ್ಕೆ. ಅಲ್ಲಿ ಉಸ್ತಾದರು ಹೇಳಿಕೊಟ್ಟದ್ದನ್ನು ಹಾಗೆಯೇ ಒಪ್ಪಿಸಬೇಕು, ಎಲ್ಲಿ ಎಳೆಯಬೇಕೋ ಅಲ್ಲಿ ಎಳೆದು, ಎಲ್ಲಿ ಉಸಿರು ನಿಲ್ಲಿಸಬೇಕೋ ಅಲ್ಲಿ ನಿಲ್ಲಿಸಿ. ಅದರಲ್ಲಿ ನನ್ನನ್ನು ಮೀರಿಸುವವರಿರಲಿಲ್ಲ. ಒಂದು ಸಲ ಕೇಳಿದರೆ ನಾಲಿಗೆಯಲ್ಲಿ ಕೂತುಬಿಡುತ್ತಿತ್ತು. ಉಸ್ತಾದರು ಕೇಳುತ್ತಿದ್ದದ್ದು ಸ್ವರವನ್ನು, ಆ ಕಲಿಕೆಗೆ ಅದೇ ಸರಿ. ಆದರೆ ನಮ್ಮ ಮನೆಯವರು ಅದೇ ಅಳತೆಗೋಲನ್ನು ಶಾಲೆಯ ಓದಿಗೂ ಹಿಡಿದರು. ತಡವರಿಸದೆ, ರಾಗ ತಪ್ಪದೆ, ತಲೆಯೆತ್ತಿ ಮುಗಿಸಿದರೆ ಓದಲು ಬರುತ್ತದೆ ಎಂದು ಲೆಕ್ಕ. ಪ್ರತಿ ವರ್ಷ ಶಾಲೆಗೆ ರಜೆ ಬೀಳುವ ಮೊದಲು ಮಾಮ ಚಾವಡಿಯಲ್ಲಿ ನಮ್ಮನ್ನು ನಿಲ್ಲಿಸಿ ಒಂದು ಪಾಠ ಓದಿಸುವುದು ಮನೆಯ ಕ್ರಮ. ಝೊಹರ ಅದರಲ್ಲಿ ಗೆದ್ದೇ ಏಳನೆಯವರೆಗೆ ಹೋದವಳು. ನಮ್ಮೂರ ಶಾಲೆ ನಾಲ್ಕನೆಯವರೆಗೆ ಮಾತ್ರ, ಮುಂದಕ್ಕೆ ಕಡಬಕ್ಕೆ ಬಸ್ಸಿನಲ್ಲಿ ಹೋಗಬೇಕು. ಬಸ್ಸಿಗೆ ಹೋಗುವವರು ಯಾರು, ತಡ್ಪೆ ಹಿಡಿಯುವವರು ಯಾರು ಎನ್ನುವುದು ಆ ಚಾವಡಿಯಲ್ಲೇ ತೀರ್ಮಾನವಾಗಬೇಕು. ಮೂರು ವರ್ಷವೂ ನಾನು ಗಿಣಿಯಂತೆ ಓದಿದೆ. ಮಾಮ ಮೂರು ಸಲವೂ ತಲೆದೂಗಿದರು. ಪುಸ್ತಕದ ಮೇಲೆ ನನ್ನ ಬೆರಳು ಓಡುತ್ತಿತ್ತು, ಬಾಯಿ ಓಡುತ್ತಿತ್ತು, ಎರಡೂ ಒಂದೇ ಕಡೆ ಓಡುತ್ತಿದ್ದವೇ ಎಂದು ಯಾರೂ ನೋಡಲಿಲ್ಲ. ನಾನೂ ನೋಡಲಿಲ್ಲ. ಯಾರನ್ನೂ ಮೋಸ ಮಾಡುವ ಯೋಚನೆ ನನಗಿರಲಿಲ್ಲ. ಓದುವುದೆಂದರೆ ಅದೇ ಎಂದು ನಾನು ಮನಸಾರೆ ನಂಬಿದ್ದೆ.

ನಾನು ನಾಲ್ಕನೆಯಲ್ಲಿದ್ದಾಗ ಲಲಿತಾ ಟೀಚರ್ ಬಂದರು. ಬೆಟ್ಟಂಪಾಡಿ ಕಡೆಯವರು, ಮನೆಮಾತು ತುಳು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಯೇ ಇರುವ ಗಟ್ಟಿ ಹೆಂಗಸು. ಬಂದ ಮೊದಲ ವಾರ ಅವರು ಪಾಠವನ್ನೇ ಮಾಡಲಿಲ್ಲ. ಹಳೆಯ ಕ್ಯಾಲೆಂಡರ್ ಹಾಳೆಗಳ ಬೆನ್ನಿಗೆ ದಪ್ಪ ಪೆನ್ನಿನಲ್ಲಿ ಏನೇನೋ ಬರೆದುಕೊಂಡು ಬಂದಿದ್ದರು. ಒಂದರಲ್ಲಿ ಬಿಡಿ ಅಕ್ಷರ, ಒಂದರಲ್ಲಿ ಸಣ್ಣ ಸಣ್ಣ ಪದ, ಒಂದರಲ್ಲಿ ನಾಲ್ಕಾರು ವಾಕ್ಯ, ಕೊನೆಯದರಲ್ಲಿ ಒಂದು ಪುಟ್ಟ ಕತೆ. ಒಬ್ಬೊಬ್ಬರನ್ನೇ ಕಿಟಕಿಯ ಹತ್ತಿರ ಕರೆದು, ಪಕ್ಕದಲ್ಲಿ ಕೂರಿಸಿಕೊಂಡು, ಬೇರೆಯವರಿಗೆ ಕೇಳದಷ್ಟು ಮೆಲ್ಲಗೆ ಓದಿಸಿದರು. ನನ್ನ ಸರದಿ ಬಂತು. ಕ್ಲಾಸಿಗೇ ಜಾಣೆ ಎಂಬ ಜಂಬದಲ್ಲಿ ಹೋಗಿ ಕೂತೆ. ನನ್ನ ಕೈಗೆ ಕತೆಯ ಹಾಳೆಯನ್ನೇ ಕೊಟ್ಟರು. ಹಾಳೆಯಲ್ಲಿ ಚಿತ್ರ ಇರಲಿಲ್ಲ. ಎಲ್ಲಿಂದ ಹಿಡಿಯಬೇಕೋ ತಿಳಿಯಲಿಲ್ಲ.

"ಇದು ಯಾವ ಪಾಠ ಟೀಚರ್?"

"ಯಾವ ಪಾಠವೂ ಅಲ್ಲ. ನಾನೇ ಬರೆದದ್ದು."

"ಹಾಗಾದ್ರೆ ಅದನ್ನು ಓದುದು ಹೇಗೆ?"

ಈಗ ನಾನೂ ಟೀಚರು. ಮಳೆಗಾಲ ಶುರುವಾಗಿ ಶಾಲೆ ತೆರೆದ ಕೂಡಲೇ ನಾನೂ ಮಕ್ಕಳನ್ನು ಒಬ್ಬೊಬ್ಬರನ್ನೇ ಕರೆದು ಓದಿಸುತ್ತೇನೆ. ಇಲಾಖೆಯಿಂದ ಅಚ್ಚಾದ ಹಾಳೆಗಳು ಬರುತ್ತವೆ, ಮೊಬೈಲಿನಲ್ಲಿ ಅಂಕ ತುಂಬಿಸುವುದಿರುತ್ತದೆ, ಅದಕ್ಕೊಂದು ತರಬೇತಿ, ತರಬೇತಿಯಲ್ಲಿ ಒಂದು ಉಪ್ಪಿಟ್ಟು. ತುಂಬಿಸಿದ ಮೇಲೆ ಮುಗಿಯಿತೆಂದು ಕೈ ತೊಳೆದುಕೊಳ್ಳುವವರನ್ನು ನೋಡಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಓದಿಸಿ ನೋಡುವುದು ಶುರು, ಕೊನೆಯಲ್ಲ. ಇಷ್ಟು ವರ್ಷಗಳಲ್ಲಿ ಎಷ್ಟೋ ಮಕ್ಕಳು ಹಾಳೆಯನ್ನು ನೋಡಿ, ನನ್ನನ್ನು ನೋಡಿ, ಸುಮ್ಮನೆ ಕೂತದ್ದನ್ನು ಕಂಡಿದ್ದೇನೆ. ಆ ದಿನ ನಾನು ಟೀಚರನ್ನು ಕೇಳಿದ ಪ್ರಶ್ನೆಯನ್ನು ಬಾಯಿಬಿಟ್ಟು ಕೇಳಿದವರು ಕಡಿಮೆ. ಕೇಳಿದ್ದರೆ ಅವರಿಗೂ ನಮಗೂ ಕೆಲಸ ಸುಲಭವಾಗುತ್ತಿತ್ತು.

ಲಲಿತಾ ಟೀಚರ್ ನಗಲಿಲ್ಲ, ಬೈಯಲೂ ಇಲ್ಲ. ಕತೆಯ ಹಾಳೆಯನ್ನು ಕೆಳಗಿಟ್ಟು ವಾಕ್ಯದ ಹಾಳೆ ಕೊಟ್ಟರು, ಅದನ್ನೂ ಇಟ್ಟು ಪದದ ಹಾಳೆ ಕೊಟ್ಟರು. ಆಮೇಲೆ ಅವರು ಕೇಳಿದ್ದು ನನಗೆ ಈಗಲೂ ನೆನಪಿದೆ.

"ಇದರಲ್ಲಿ ನಿನಗೆ ಗೊತ್ತಿರುವುದು ಯಾವುದೆಲ್ಲ ಉಂಟು? ಅದನ್ನು ಮಾತ್ರ ತೋರಿಸು."

ಬಿಡಿ ಅಕ್ಷರ ಹೆಚ್ಚುಕಡಿಮೆ ಎಲ್ಲ ಗೊತ್ತಿತ್ತು. ದೀರ್ಘ, ಕೊಂಬು, ಏತ್ವ ಸೇರಿದ ಕೂಡಲೇ ಅಂದಾಜು. ಕೆಳಗೊಂದು ಒತ್ತು ಕಂಡರೆ ಪೂರ್ತಿ ಕತ್ತಲೆ. ಅವರಿಗೆ ಇನ್ನೊಂದು ಅನುಮಾನವೂ ಬಂದಿರಬೇಕು. ಪುಸ್ತಕದ ಒಂದು ಪಾಠ ಒಪ್ಪಿಸಲು ಹೇಳಿ, ಅದರಲ್ಲಿ ಯಾರು ಏನು ಮಾಡಿದರು ಎಂದು ಕೇಳಿದರು. ನಾನು ಮತ್ತೆ ಪಾಠವನ್ನೇ ಮೊದಲಿಂದ ಒಪ್ಪಿಸಿದೆ. ತುಳುವಿನಲ್ಲಿ ಹೇಳು ನೋಡುವ ಎಂದರು. ಹೇಳಲು ನನ್ನಲ್ಲಿ ಏನೂ ಇರಲಿಲ್ಲ. ಮೂರು ವರ್ಷ ನಾನು ಹೊತ್ತದ್ದೆಲ್ಲ ಬರೀ ಸದ್ದು. ಆ ದಿನ ಕಿಟಕಿಯ ಬದಿಯಿಂದ ಎದ್ದು ಬರುವಾಗ ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಇವರಿಗೆ ಪಾಠ ಮಾಡಲು ಬರುವುದಿಲ್ಲ, ಅದಕ್ಕೇ ಪಾಠದಲ್ಲಿ ಇಲ್ಲದ್ದನ್ನು ಕೇಳುತ್ತಾರೆ ಎಂದು ಗೆಳತಿಯರ ಹತ್ತಿರ ಹೇಳಿಕೊಂಡು ತಿರುಗಿದೆ.

ಮುಂದಿನ ವಾರದಿಂದ ಮಧ್ಯಾಹ್ನದ ಊಟ ಆದ ಮೇಲೆ ಒಂದು ತಾಸು ಶಾಲೆಯಲ್ಲಿ ಒಂದನೇ ಕ್ಲಾಸು, ನಾಲ್ಕನೇ ಕ್ಲಾಸು ಎಂಬುದೇ ಇರಲಿಲ್ಲ. ಯಾರಿಗೆ ಎಲ್ಲಿ ಗಂಟು ಬಿದ್ದಿದೆಯೋ ನೋಡಿ ಅಲ್ಲಲ್ಲಿ ಕೂರಿಸಿದರು. ಬಾಗಿಲ ಬದಿಯವರು ಕಾಗುಣಿತ, ಗೋಡೆ ಬದಿಯವರು ಒತ್ತಕ್ಷರ, ಕಿಟಕಿ ಬದಿಯವರು ಕತೆ. ನನ್ನ ಜಾಗ ಬಾಗಿಲ ಬದಿ, ಎರಡನೆಯ ಕ್ಲಾಸಿನ ಮಕ್ಕಳ ನಡುವೆ. ಪಕ್ಕದಲ್ಲಿ ನೆರೆಮನೆಯ ಆಯಿಶು, ಮೂಗು ಸೋರುವ ಪೋರಿ. ಅವಳಿಗೆ ಅದು ದೊಡ್ಡ ಮರ್ಯಾದೆ ಎನಿಸಿತು. ಸಂಜೆ ತನ್ನ ತಾಯಿಯ ಜೊತೆ ನಮ್ಮ ಚಾವಡಿಗೆ ಬಂದವಳು ಎಲ್ಲರೆದುರು ಸಾರಿದಳು.

"ಮೈಮೂನಕ್ಕ ಈಗ ನನ್ನೊಟ್ಟಿಗೇ ಕೂತ್ಕೊಳ್ಳುದು. ಅವಳಿಗೆ ಬಾರದಿದ್ರೆ ನಾನು ಹೇಳಿ ಕೊಡ್ತೇನೆ."

ಕತ್ತರಿಗಳ ಸದ್ದು ನಿಂತಿತು. ಮರುದಿನ ಮಧ್ಯಾಹ್ನ ಬೂತಾಯಿ ಮೀನಿನ ಸಾರು, ಕುಚ್ಚಲಕ್ಕಿ ಅನ್ನ. ಮಾಮ ಎರಡು ತುತ್ತು ತಿಂದು ಬಟ್ಟಲು ದೂಡಿದರು. ಬೂತಾಯಿ ಇರುವಾಗ ಮಾಮ ಬಟ್ಟಲು ದೂಡಿದರೆಂದರೆ ವಿಷಯ ಸಣ್ಣದಲ್ಲ.

"ನಾಲ್ಕನೇ ಕ್ಲಾಸಿನ ಹುಡುಗಿಯನ್ನು ಹಾಲುಹಲ್ಲಿನ ಮಕ್ಕಳೊಟ್ಟಿಗೆ ಕೂರಿಸುದಾ? ಎಂತ ಅಂತ ಗ್ರಹಿಸಿದ್ದಾಳೆ ಆ ಟೀಚರ್? ಇಲ್ಲಿಗೆ ಬರ್ಲಿಕ್ಕೆ ಹೇಳು ಅವಳಿಗೆ."

ಟೀಚರ್ ಬಂದರು. ಕರೆಸಿಕೊಂಡು ಬಂದವರ ಹಾಗಲ್ಲ, ನೆಂಟರ ಮನೆಗೆ ಬಂದವರ ಹಾಗೆ ಬಂದು ಬೆಂಚಿನ ಮೇಲೆ ಕೂತು, ಬೆಲ್ಲದ ಚಾ ಕೇಳಿ ಕುಡಿದರು. ಮಾಮ ಮಾತಿಗೆ ಅವಕಾಶ ಕೊಡದೆ ನನ್ನನ್ನು ಕರೆದು, ಪುಸ್ತಕ ತೆರೆಸಿ, ಓದು ಎಂದರು. ನಾನು ಪುಸ್ತಕವನ್ನು ಎದೆಯ ಮಟ್ಟಕ್ಕೆ ಹಿಡಿದು ಶುರುಮಾಡಿದೆ. ಆ ದಿನ ನನ್ನ ಗಂಟಲು ಯಾವತ್ತಿಗಿಂತ ಚೆನ್ನಾಗಿತ್ತು. ಬೀಪಾತು ಚಿಕ್ಕಮ್ಮ ಕಣ್ಣು ಒರೆಸಿಕೊಂಡಳು. ಮಾಮ ಟೀಚರ ಕಡೆ ನೋಡಿ, ಈಗ ಎಂತ ಹೇಳ್ತೀರಿ ಎನ್ನುವಂತೆ ಹುಬ್ಬು ಹಾರಿಸಿದರು. ಟೀಚರ್ ಎದ್ದರು. ನನ್ನ ಹತ್ತಿರ ಬಂದು, ಮಗುವಿನ ಕೈಯಿಂದ ಗಿಲಕಿ ತೆಗೆದುಕೊಳ್ಳುವಷ್ಟು ಮೆಲ್ಲಗೆ ಪುಸ್ತಕವನ್ನು ತೆಗೆದುಕೊಂಡರು. ನಾನು ನಿಲ್ಲಿಸಲಿಲ್ಲ. ಎರಡೂ ಕೈ ಎದೆಯ ಮಟ್ಟದಲ್ಲೇ ಇದ್ದವು, ಬಾಯಿ ಓಡುತ್ತಲೇ ಇತ್ತು. ಒಂದಿಡೀ ಪುಟ ನಾನು ಗಾಳಿಯನ್ನು ಓದಿದೆ. ಮುಗಿಸಿ ತಲೆಯೆತ್ತಿದಾಗ ಉಮ್ಮನ ತಡ್ಪೆಯಿಂದ ಎಲೆಗಳು ನೆಲಕ್ಕೆ ಜಾರಿದ್ದವು. ನಾಚಿಕೆ ಎಂದರೆ ಏನೆಂದು ನನಗೆ ಗೊತ್ತಾದದ್ದು ಆಗ. ಪುಸ್ತಕ ಇಲ್ಲದೆಯೂ ನಾನು ಓದಿದ್ದನ್ನು ಕಂಡ ಮೇಲೆ, ಪುಸ್ತಕ ಇರುವಾಗಲೂ ನಾನು ಅದನ್ನೇ ಮಾಡುತ್ತಿದ್ದೆ ಎನ್ನುವುದು ಕೊನೆಗೆ ನನಗೂ ಹೊಳೆಯಿತು.

"ಇವಳು ಹುಷಾರಿ, ಬ್ಯಾರಿಗಳೇ," ಎಂದರು ಟೀಚರ್ ಮಾಮನಿಗೆ. "ಇಷ್ಟು ನೆನಪಿರುವ ಮಗುವನ್ನು ನಾನು ನೋಡಿಲ್ಲ. ಆದ್ರೆ ಓದ್ಲಿಕ್ಕೆ ಬರುದಿಲ್ಲ. ಬಾರದ್ದು ಎಲ್ಲಿಂದ ಶುರು ಅಂತ ನನಗೆ ಈಗ ಗೊತ್ತುಂಟು. ಅಲ್ಲಿಂದಲೇ ಕಲಿಸ್ಬೇಕು. ಅದಕ್ಕೆ ಕೆಳಗೆ ಕೂರಿಸಿದ್ದು."

"ಓದ್ಲಿಕ್ಕೆ ಬರುದಿಲ್ಲ ಅಲ್ವಾ? ಹಾಗಾದ್ರೆ ಮುಗೀತು," ಎಂದರು ಮಾಮ. "ನಾಳೆಯಿಂದ ತಡ್ಪೆ ಹಿಡೀಲಿ. ಸುಮ್ಮನೆ ಬೆಂಚು ಬಿಸಿ ಮಾಡುದು ಯಾಕೆ?"

ಉಮ್ಮ ಮಾಮನ ಎದುರು ಸ್ವರ ಎತ್ತಿದ್ದನ್ನು ನಾನು ಅದಕ್ಕಿಂತ ಮೊದಲು ಕೇಳಿರಲಿಲ್ಲ. ಅವಳು ಎದ್ದು ನಿಲ್ಲಲಿಲ್ಲ, ತಡ್ಪೆಯನ್ನೂ ಕೆಳಗಿಡಲಿಲ್ಲ. ಅಣ್ಣನನ್ನು ಅವಳು ಕಾಕ ಎನ್ನುತ್ತಿದ್ದಳು.

"ಕಾಕಾ, ನೀನು ನೋಡುದು ಬೀಡಿ ಬ್ರಾಂಚಿನವನ ಹಾಗೆ. ಅವ ಕಟ್ಟು ಹಿಡಿದು ನೋಡ್ತಾನೆ, ಸರಿ ಇಲ್ಲದ್ದನ್ನು ಮುರಿದು ಬಿಸಾಡ್ತಾನೆ, ಅವನ ಕೆಲಸ ಅಲ್ಲಿಗೆ ಆಯ್ತು. ಬೀಪಾತುಗೆ ಕೆಲಸ ಕಲಿಸುವಾಗ ನಾನು ಮುರಿದು ಬಿಸಾಡಿದ್ದೇನಾ? ನೂಲು ಬಿಚ್ಚಿ ನೋಡಿದ್ದೇನೆ. ಎಲೆ ಓರೆ ಕತ್ತರಿಸಿದ್ದಾ, ಹುಡಿ ಹೆಚ್ಚಾದ್ದಾ, ಬಾಯಿ ಮಡಚಿದ್ದು ಸಡಿಲವಾ ಅಂತ. ಎಲ್ಲಿ ತಪ್ಪಿದ್ದೋ ಅದನ್ನು ಮಾತ್ರ ತಿದ್ದಿದ್ದೇನೆ. ಈ ಟೀಚರ್ ಮಾಡುದು ಅದನ್ನೇ. ನನ್ನ ಮಗಳನ್ನು ಬಿಚ್ಚಿ ನೋಡಿದ್ದಾರೆ, ಮುರೀಲಿಲ್ಲ."

ಲಲಿತಾ ಟೀಚರ್ ಉಮ್ಮನನ್ನೇ ನೋಡುತ್ತಿದ್ದರು. ಮುಂದೆ ಎಷ್ಟೋ ತರಬೇತಿಗಳಲ್ಲಿ ದೊಡ್ಡ ದೊಡ್ಡವರ ಭಾಷಣ ಕೇಳಿದ್ದೇನೆ, ಇದಕ್ಕಿಂತ ಸ್ಪಷ್ಟವಾಗಿ ಯಾರೂ ಹೇಳಿದ್ದಿಲ್ಲ. ಕುರ್ಚಿಯಲ್ಲಿ ಕೂತವರಿಗೆ ಕೊನೆಯ ಮಾತು ತಮ್ಮದಾಗದೆ ಸಮಾಧಾನವಿಲ್ಲ.

"ಸರಿ. ಶಾಲೆ ಮುಗಿಯುವಾಗ ನಾನೇ ಓದಿಸಿ ನೋಡ್ತೇನೆ. ಪಾಠ ಬೇಡ. ಪೇಪರ್. ಆ ದಿನದ್ದೇ ಪೇಪರ್. ಓದಿದ್ರೆ ಬಸ್ಸಿಗೆ ಹೋಗ್ಲಿ. ಇಲ್ಲದಿದ್ರೆ ತಡ್ಪೆ, ಮತ್ತೆ ಯಾರೂ ಮಾತಾಡುದು ಬೇಡ."

ಆ ವರ್ಷ ನಾನು ಕೆಲಸ ಮಾಡಿದಷ್ಟು ಆಮೇಲೆ ಯಾವ ಪರೀಕ್ಷೆಗೂ ಮಾಡಿಲ್ಲ. ಟೀಚರ್ ನನಗೆ ಪಾಠದ ಪುಸ್ತಕವನ್ನು ಮುಟ್ಟಲೇ ಬಿಡಲಿಲ್ಲ. ನಾನು ತುಳುವಿನಲ್ಲಿ ಏನಾದರೂ ಹೇಳಬೇಕು, ಬೆಕ್ಕು ಮೀನು ಕದ್ದದ್ದು, ಚಿಕ್ಕಮ್ಮ ರೈಲು ಕಾದದ್ದು. ಅವರು ಅದನ್ನು ಕನ್ನಡದಲ್ಲಿ ಬರೆದು ನನ್ನ ಮುಂದಿಡುವರು. ನನ್ನದೇ ಮಾತು ಕಾಗದದ ಮೇಲೆ ಕೂತದ್ದನ್ನು ನಾನು ಒಂದೊಂದೇ ಅಕ್ಷರ ಹಿಡಿದು ಬಿಡಿಸಬೇಕು. ಆಗ ಸದ್ದಿನ ಹಿಂದೆ ಬೆಕ್ಕೂ ಬರುತ್ತಿತ್ತು, ಮೀನೂ ಬರುತ್ತಿತ್ತು. ಆಗಾಗ ಮತ್ತೆ ಕಿಟಕಿಯ ಹತ್ತಿರ ಕರೆದು ಓದಿಸಿ ನೋಡುವರು, ಪ್ರತಿ ಸಲವೂ ಹೊಸ ಹಾಳೆ. ಹಳೆಯದನ್ನು ಕೊಟ್ಟರೆ ಈ ಮಹಾತಾಯಿ ನುಂಗಿಬಿಡುತ್ತಾಳೆ ಎಂದು ಅವರಿಗೆ ಗೊತ್ತಿತ್ತು. ಆಯಿಶು ನನಗಿಂತ ಮೊದಲೇ ಗೋಡೆ ಬದಿಗೆ ಹೋದಳು. ಹೋಗುವಾಗ ತಿರುಗಿ ನೋಡಿ ಕೈಬೀಸಿದಳು, ಪೋರಿ. ನಾನು ಹೊಟ್ಟೆಕಿಚ್ಚಿನಲ್ಲೇ ಕೊಂಬು ದೀರ್ಘ ಕಲಿತೆ. ಮನೆಯಲ್ಲಿ ಉಮ್ಮ ಬಿಡುತ್ತಿರಲಿಲ್ಲ. ಅವಳಿಗೆ ಒಂದಕ್ಷರ ಬಾರದು, ಆದರೆ ಅಕ್ಷರ ಇರುವುದನ್ನೆಲ್ಲ ತಂದು ನನ್ನ ಮುಂದೆ ಒಡ್ಡುವಳು. ಬೆಂಕಿಪೆಟ್ಟಿಗೆ, ಸೋಪಿನ ಕಾಗದ, ಬೀಡಿ ಕಟ್ಟಿನ ಲೇಬಲ್, ಸಕ್ಕರೆ ಕಟ್ಟಿಕೊಟ್ಟ ತುಂಡು ಪೇಪರ್.

"ಇದು ಎಂತ? ಮತ್ತೆ ಇದು? ಬಾಯಿಗೆ ಬಂದದ್ದು ಹೇಳ್ಬೇಡ, ಕಣ್ಣಿಗೆ ಕಂಡದ್ದು ಹೇಳು."

ಮಳೆ ಕಳೆದು ಚಳಿ ಬರುವಷ್ಟರಲ್ಲಿ ನಾನು ಒತ್ತಕ್ಷರದ ಗುಂಪಿಗೆ ಬಂದೆ. ಅಲ್ಲಿಂದ ನನಗೊಂದು ಹೊಸ ಕಾಟ ಶುರುವಾಯಿತು. ಮಾಮ ಓದಿ ಮುಗಿಸಿ ವ್ಯಾಪಾರಕ್ಕೆ ಹೊರಟ ಮೇಲೆ ಪೇಪರ್ ಕುರ್ಚಿಯಲ್ಲೇ ಬಿದ್ದಿರುತ್ತಿತ್ತು. ಅವರು ಆಗಷ್ಟೇ ಓದಿದ ಸುದ್ದಿಯನ್ನು ನಾನೂ ಓದಿ ಅಭ್ಯಾಸ ಮಾಡೋಣ ಎಂದು ಹುಡುಕುತ್ತಿದ್ದೆ. ಸಿಗುತ್ತಿರಲಿಲ್ಲ. ಒಂದು ದಿನ ಅವರು, ಸುಳ್ಯದಲ್ಲಿ ಆನೆ ಪೇಟೆಗೆ ಇಳಿದು ಬೇಕರಿಯ ಬಾಗಿಲು ಮುರಿದ ಸುದ್ದಿ ಓದಿದ್ದರು. ನಾನು ಪುಟ ಪುಟ ತಿರುವಿದೆ. ಆನೆಯ ಚಿತ್ರವೇನೋ ಇತ್ತು, ಅದರ ಕೆಳಗೆ ಯಾವುದೋ ಸರ್ಕಸ್ಸಿನ ಮಾತಿತ್ತು. ಮತ್ತೊಂದು ದಿನವೂ ಹಾಗೇ. ಇಷ್ಟು ಕಲಿತೂ ನಾನು ಓದುತ್ತಿರುವುದೆಲ್ಲ ತಪ್ಪು, ಮಾಮನಿಗೆ ಕಾಣುವುದು ನನಗೆ ಕಾಣುವುದಿಲ್ಲ ಎಂದೇ ತಿಳಿದೆ. ಸರ್ಕಸ್ಸಿನ ಪುಟವನ್ನು ಮಡಚಿಕೊಂಡು ಹೋಗಿ ಟೀಚರ ಮುಂದೆ ಅತ್ತುಬಿಟ್ಟೆ.

"ನನಗೆ ಬರುದೇ ಇಲ್ಲ ಟೀಚರ್. ಮಾಮ ಓದಿದ್ದು ಇದರಲ್ಲಿ ಎಲ್ಲಿಯೂ ಇಲ್ಲ."

ಟೀಚರ್ ನನ್ನಿಂದ ಆ ತುಂಡನ್ನು ಓದಿಸಿದರು. ಮಾಮ ಓದಿದ್ದು ಏನು ಎಂದು ಕೇಳಿದರು. ಆಮೇಲೆ ಬಹಳ ಹೊತ್ತು ಪೇಪರನ್ನು ಮಡಚುತ್ತಾ ಬಿಚ್ಚುತ್ತಾ ಕೂತರು.

"ನೀನು ಓದಿದ್ದು ಸರಿ ಉಂಟು. ಇದನ್ನು ಮನೆಯಲ್ಲಿ ಯಾರಿಗೂ ಹೇಳ್ಲಿಕ್ಕೆ ಹೋಗ್ಬೇಡ ಆಯ್ತಾ?"

ಅಷ್ಟು ಸಾಕಾಯಿತು. ಮಾಮ ಚಿಕ್ಕವರಿರುವಾಗಲೇ ಬೊಂಬಾಯಿಯ ಹೋಟೆಲಿಗೆ ಕೆಲಸಕ್ಕೆ ಹೋದವರು ಎಂದು ಉಮ್ಮ ಹೇಳುತ್ತಿದ್ದಳು. ಶಾಲೆಗೆ ಹೋದ ಕತೆಯನ್ನು ಯಾರೂ ಹೇಳಿದ್ದಿಲ್ಲ. ಪೇಟೆಯ ಹೋಟೆಲಿನಲ್ಲಿ ಚಾ ಕುಡಿಯುವಾಗ ಕೇಳಿದ ಮಾತು, ಪೇಪರಿನ ಚಿತ್ರ, ತಮ್ಮ ನಾಲಿಗೆ, ಈ ಮೂರರಿಂದಲೇ ಅವರು ಇಷ್ಟು ವರ್ಷ ಚಾವಡಿ ನಡೆಸಿದ್ದರು. ಅವರ ಮೇಲೆ ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಗಾಳಿಯನ್ನು ಓದುವವರು ನಮ್ಮ ಮನೆಯಲ್ಲಿ ನಾನೊಬ್ಬಳೇ ಅಲ್ಲ ಎಂದು ಒಂದು ಬಗೆಯ ಸಮಾಧಾನವೇ ಆಯಿತು. ಜೊತೆಗೆ ಹೆದರಿಕೆ. ನನ್ನನ್ನು ಓದಿಸಿ ನೋಡಿ, ಬಸ್ಸೋ ತಡ್ಪೆಯೋ ಎಂದು ತೀರ್ಪು ಕೊಡಬೇಕಾದವರು ಅವರೇ.

ಆ ದಿನ ಬಂತು. ಟೀಚರನ್ನೂ ಬರಹೇಳಿದ್ದರು. ಅವರು ಬರುವ ಮೊದಲೇ ಮಾಮ ಎಂದಿನಂತೆ ಪೇಪರ್ ಓದಿ ಆಗಿತ್ತು. ಮೊದಲ ಪುಟದಲ್ಲಿ ಕ್ಯಾನು ಹಿಡಿದು ಉದ್ದಕ್ಕೆ ನಿಂತ ಜನರ ಚಿತ್ರ. ಮಂಗಳೂರಿನ ಬಂದರಿನಲ್ಲಿ ವಾರದಿಂದ ಕುಡಿಯಲು ನೀರಿಲ್ಲ, ಮಕ್ಕಳು ಬಾಯಾರಿ ಬೀಳುತ್ತಿದ್ದಾರೆ ಎಂದು ಓದಿದ್ದರು. ಬೀಪಾತು ಚಿಕ್ಕಮ್ಮ ಬೆಳಿಗ್ಗೆಯಿಂದ ಅಳುತ್ತಿದ್ದಳು. ಝೊಹರ ಆಗಷ್ಟೇ ಹೆರಿಗೆ ಮುಗಿಸಿ ಗಂಡನ ಮನೆಗೆ ಹೋಗಿದ್ದಳು. ಯಾ ಅಲ್ಲಾ, ಎಳೆಮಗುವನ್ನು ಇಟ್ಟುಕೊಂಡು ನೀರಿಲ್ಲದೆ ಏನು ಮಾಡುತ್ತಾಳೋ ಎಂದು ಮೂಗು ಸೀಟುತ್ತಾ ಬೀಡಿ ಕಟ್ಟುತ್ತಿದ್ದಳು. ಟೀಚರ್ ಬಂದು ಬೆಂಚಿನಲ್ಲಿ ಕೂತರು. ಮಾಮ ಪೇಪರ್ ಮಡಚಿ, ಅದೇ ಚಿತ್ರದ ಕೆಳಗೆ ಹೆಬ್ಬೆರಳು ಒತ್ತಿ, ನನ್ನ ಕೈಗೆ ಕೊಟ್ಟರು. ಬೆಳಿಗ್ಗೆ ತಾವು ಹೇಳಿದ್ದು ನನ್ನ ಕಿವಿಗೆ ಬಿದ್ದಿದೆ ಎಂದು ಅವರಿಗೆ ಗೊತ್ತಿತ್ತು. ನನ್ನ ನೆನಪು ಎಂಥದೆಂದೂ ಗೊತ್ತಿತ್ತು. ನನ್ನನ್ನು ಗೆಲ್ಲಿಸಲೆಂದೇ ಆ ಚಿತ್ರವನ್ನು ಕೊಟ್ಟರೋ ಏನೋ, ಈಗಲೂ ನನಗೆ ಹಾಗೆ ಅನಿಸುವುದುಂಟು.

ನಾನು ಬೆರಳಿಟ್ಟೆ. ಮೊದಲ ಪದದಲ್ಲೇ ಗೊತ್ತಾಯಿತು. ಅಲ್ಲಿ ಬಂದರು ಇರಲಿಲ್ಲ, ನೀರೂ ಇರಲಿಲ್ಲ. ನನ್ನ ಬಾಯಲ್ಲಿ ಮಾಮನ ಮಾತುಗಳು ಸಿದ್ಧವಾಗಿ ಕೂತಿದ್ದವು, ಒಂದೇ ಉಸಿರಿಗೆ ರಾಗವಾಗಿ ಒಪ್ಪಿಸಬಹುದಿತ್ತು. ಮಾಮ ತಲೆದೂಗುತ್ತಿದ್ದರು, ನಾನು ಬಸ್ಸು ಹತ್ತುತ್ತಿದ್ದೆ. ಎಲ್ಲರಿಗೂ ಸುಖ. ಕಣ್ಣಿಗೆ ಕಂಡದ್ದನ್ನು ಹೇಳಿದರೆ ಏನಾಗುತ್ತದೋ ಗೊತ್ತಿರಲಿಲ್ಲ. ಉಮ್ಮ ಕೈಯಲ್ಲಿದ್ದ ಎಲೆಯನ್ನು ಸುತ್ತದೆ ನನ್ನ ಬೆರಳನ್ನೇ ನೋಡುತ್ತಿದ್ದಳು.

"ಪು... ಪುತ್... ಪುತ್ತೂರಿನಲ್ಲಿ. ಸೀಮೆ... ಸೀಮೆಎಣ್ಣೆಗಾಗಿ. ನ್ಯಾಯ... ಬೆಲೆ. ಅಂಗಡಿಯ ಮುಂದೆ. ಸಾಲು... ಸಾಲುಗಟ್ಟಿ ನಿಂತ ಜನ."

ನನ್ನ ಜೀವಮಾನದಲ್ಲೇ ಅಷ್ಟು ಕೆಟ್ಟದಾಗಿ ನಾನು ಓದಿದ್ದಿಲ್ಲ. ರಾಗವಿಲ್ಲ, ಉಸಿರಿಲ್ಲ, ಕಲ್ಲುದಾರಿಯಲ್ಲಿ ಹೋಗುವ ಎತ್ತಿನ ಗಾಡಿಯ ಹಾಗೆ. ಬೀಪಾತು ಚಿಕ್ಕಮ್ಮನ ಅಳು ನಿಂತುಹೋಯಿತು.

"ಎಂತ? ಸೀಮೆಎಣ್ಣೆಯಾ? ನೀರಲ್ವಾ? ಬಂದರಿನಲ್ಲಿ ಅಲ್ವಾ ಮಾರಾಯ್ತಿ?"

"ಪುತ್ತೂರು ಅಂತ ಉಂಟು ಚಿಕ್ಕಮ್ಮ."

"ಅಲ್‌ಹಮ್ದುಲಿಲ್ಲಾ! ಬದುಕಿದೆ ನಾನು," ಎಂದವಳು ಮುಖ ಒರೆಸಿಕೊಂಡು ಮಾಮನ ಕಡೆ ತಿರುಗಿದಳು. "ಹಾಗಾದ್ರೆ ಬೆಳಿಗ್ಗೆ ನೀನು ಓದಿದ್ದು ಎಂತ ಕಾಕಾ?"

ಚಾವಡಿಯಲ್ಲಿ ಎಲ್ಲರೂ ಮಾಮನನ್ನು ನೋಡಿದರು. ಟೀಚರ್ ಮಾತ್ರ ಅಂಗಳದ ಕೋಳಿಗಳನ್ನು ನೋಡಿದರು. ಮಾಮ ಪೇಪರನ್ನು ನನ್ನ ಕೈಯಿಂದ ತೆಗೆದುಕೊಂಡರು.

"ಎಲ್ಲಿ ಉಂಟು ಸೀಮೆಎಣ್ಣೆ? ತೋರಿಸು."

ತೋರಿಸಿದೆ. ನನ್ನ ಬೆರಳ ತುದಿ ಇದ್ದ ಜಾಗವನ್ನು ಅವರು ನೋಡುತ್ತಲೇ ಇದ್ದರು. ನನಗೆ ಓಡಿಹೋಗಿ ಅಡುಗೆಮನೆಯಲ್ಲಿ ಅಡಗಿಕೊಳ್ಳುವ ಹಾಗಾಯಿತು.

"ಉಂಟು," ಎಂದರು ಕೊನೆಗೆ. "ಸರಿ ಓದಿದ್ದಾಳೆ. ಬಸ್ಸಿಗೆ ಹೋಗ್ಲಿ." ಆಮೇಲೆ ಚಿಕ್ಕಮ್ಮನ ಕಡೆ ನೋಡದೆ ಹೇಳಿದರು: "ಬೆಳಿಗ್ಗೆ ಕನ್ನಡಕ ಹಾಕಿರ್ಲಿಲ್ಲ ನಾನು."

ಮಾಮನಿಗೆ ಕನ್ನಡಕವೇ ಇರಲಿಲ್ಲ. ಅದು ಚಾವಡಿಯಲ್ಲಿದ್ದ ಎಲ್ಲರಿಗೂ ಗೊತ್ತು. ಚಿಕ್ಕಮ್ಮ ಬಾಯಿ ತೆರೆದಳು. ಅಷ್ಟರಲ್ಲಿ ಉಮ್ಮ ತಡ್ಪೆಯಲ್ಲಿ ಕತ್ತರಿಯನ್ನು ಸ್ವಲ್ಪ ಗಟ್ಟಿಯಾಗಿಯೇ ಇಟ್ಟಳು.

"ಹೌದು. ಕನ್ನಡಕ ಹಾಕಿರ್ಲಿಲ್ಲ. ನಾನು ನೋಡಿದ್ದೇನೆ."

ಮತ್ತೆ ಯಾರೂ ಆ ಮಾತೆತ್ತಲಿಲ್ಲ. ಮರುದಿನ ಮಾಮ ಪೇಟೆಯಿಂದ ಬಂದವರು ಪೇಪರನ್ನು ಬಿಚ್ಚದೆ ನನ್ನ ಮಡಿಲಿಗೆ ಹಾಕಿದರು, ಕಣ್ಣಿಗೆ ಆಗುವುದಿಲ್ಲ, ಇನ್ನು ನೀನೇ ಓದು ಎಂದರು. ನಾನು ಓದುವ ಸುದ್ದಿ ಹೆಂಗಸರಿಗೆ ಅಷ್ಟೇನೂ ಹಿಡಿಸಲಿಲ್ಲ. ಬಸುರಿ ಹೆಂಗಸು ಏನೆಂದಳು ಎನ್ನುವುದು ಅದರಲ್ಲಿ ಬರುತ್ತಲೇ ಇರಲಿಲ್ಲ. ಮಾಮ ಕುರ್ಚಿಯಲ್ಲಿ ಕೂತು ಕೇಳುವರು, ನಾನು ತಡವರಿಸಿದಲ್ಲಿ ಬೇರೆಯವರು ನಕ್ಕರೆ ಗದರಿಸುವರು.

ರಜೆ ಮುಗಿಯಲು ಬಂದಿತ್ತು. ಹೆಂಗಸರೆಲ್ಲ ಕಟ್ಟಿದ ಬೀಡಿ ಕೊಡಲು ಬ್ರಾಂಚಿಗೆ ಹೋಗಿದ್ದ ಒಂದು ಮಧ್ಯಾಹ್ನ ಚಾವಡಿಯಲ್ಲಿ ನಾವಿಬ್ಬರೇ. ನಾನು ಹೊಸ ಶಾಲೆಯ ಪುಸ್ತಕಗಳಿಗೆ ಬೈಂಡು ಹಾಕುತ್ತಿದ್ದೆ. ಮಾಮ ಅತ್ತಿತ್ತ ನೋಡಿ, ಕುರ್ಚಿಯ ದಿಂಬಿನ ಅಡಿಯಿಂದ ಒಂದು ಪೇಪರ್ ತೆಗೆದರು. ಮಡಚಿ ಮಡಚಿ ಅಂಚು ಸವೆದಿತ್ತು. ಕ್ಯಾನು ಹಿಡಿದು ನಿಂತ ಜನರ ಚಿತ್ರ.

"ಮೈಮೂ, ಆ ಸೀಮೆಎಣ್ಣೆ ಎಲ್ಲಿ ಇದ್ದದ್ದು? ಇನ್ನೊಮ್ಮೆ ತೋರಿಸು ನೋಡುವ."

ನಾನು ಬೈಂಡಿನ ಕಾಗದ ಬದಿಗಿಟ್ಟು ಅವರ ಕುರ್ಚಿಯ ಪಕ್ಕ ನೆಲದಲ್ಲಿ ಕೂತೆ. ತೋರಿಸಲಿಲ್ಲ. ಲಲಿತಾ ಟೀಚರ್ ಕಿಟಕಿಯ ಬದಿಯಲ್ಲಿ ನನ್ನನ್ನು ಕೇಳಿದ್ದನ್ನೇ ಕೇಳಿದೆ.

"ಇದರಲ್ಲಿ ನಿಮಗೆ ಗೊತ್ತಿರುವುದು ಯಾವುದೆಲ್ಲ ಉಂಟು ಮಾಮ? ಅದನ್ನು ಮಾತ್ರ ತೋರಿಸಿ."

ಕಾಳುಮೆಣಸಿನ ಹುಡಿ ಹಿಡಿದು ಕಪ್ಪಾಗಿದ್ದ ಅವರ ಹೆಬ್ಬೆರಳು ಸಾಲಿನ ಮೇಲೆ ಮೆಲ್ಲಗೆ ಹರಿಯಿತು, ಹಿಂದೆ ಬಂತು, ಮತ್ತೆ ಮುಂದೆ ಹೋಯಿತು, ಒಂದು ಕಡೆ ನಿಂತಿತು.

"ಇದೊಂದು," ಎಂದರು ಮಾಮ. "ಇದು ಮ ಅಲ್ವಾ?"

ಹೌದು ಎಂದೆ. ಅಲ್ಲಿಂದ ಶುರುಮಾಡಿದೆವು.